ಲೆಕ್ಕಕ್ಕುಂಟು, ಆಟಕ್ಕಿಲ್ಲ: ದುರ್ಗದ ಸೀಮೆಯ ಚುನಾವಣಾ ಭವಿಷ್ಯಗಳ ಚರಿತ್ರೆ

1

ನಮ್ಮ ದುರ್ಗದ ಸೀಮೆಯಲ್ಲಿ ಮಳೆಯ ಭವಿಷ್ಯ ಹೇಳಲು ಜನ ಹೆದರುತ್ತಾರೆ. ಚುನಾವಣೆಯ ಭವಿಷ್ಯ ಹೇಳಲು ಯಾರೂ ಹೆದರುವುದಿಲ್ಲ. ಚಿತ್ರದುರ್ಗದ ಟೀ ಅಂಗಡಿಯಲ್ಲಿ, ಹೊಳಲ್ಕೆರೆಯ ಅಡಿಕೆ ವ್ಯಾಪಾರದವರ ನಡುವೆ, ಹೊಸದುರ್ಗದ ತೆಂಗಿನಕಾಯಿ ರಾಶಿಯ ಪಕ್ಕ, ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಕಡೆಯೂ ಒಂದೇ ನಮೂನೆಯ ಚೀಟಿ. ಎಡಗಡೆ ಜಾತಿಯ ಹೆಸರು, ಬಲಗಡೆ ಸಾವಿರದ ಲೆಕ್ಕ. ಲಿಂಗಾಯತರು ಇಷ್ಟು, ಕುಂಚಿಟಿಗರು ಇಷ್ಟು, ಗೊಲ್ಲರು, ಕುರುಬರು, ನಾಯಕರು, ಮುಸ್ಲಿಮರು ಇಷ್ಟಿಷ್ಟು. ಕೊನೆಗೆ ‘ಎಸ್ಸಿ’ ಅಂತ ಎರಡೇ ಅಕ್ಷರ. ಅದರ ಮುಂದೆ ಬಹಳ ಸಲ ಆ ಚೀಟಿಯ ದೊಡ್ಡ ಅಂಕಿ ಇರುತ್ತದೆ.

ಅಂಕಿ ದೊಡ್ಡದಿರುವುದು ಸುಳ್ಳಲ್ಲ. 2011ರ ಜನಗಣತಿಯ ಪ್ರಕಾರ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ 23ಕ್ಕಿಂತ ಹೆಚ್ಚು ಜನ ಪರಿಶಿಷ್ಟ ಜಾತಿಯವರು, 18ಕ್ಕಿಂತ ಹೆಚ್ಚು ಜನ ಪರಿಶಿಷ್ಟ ಪಂಗಡದವರು. ಹತ್ತು ಜನರಲ್ಲಿ ನಾಲ್ವರು ಎಂದಾಯಿತು. ಇಷ್ಟು ದೊಡ್ಡ ಪಾಲಿನವರು ಚೀಟಿಯಲ್ಲಿ ಅಂಕಿಯಾಗಿ ಮಾತ್ರ ಇದ್ದಾರೆ. ಅದೇ ಚೀಟಿಯ ಮೇಲ್ಗಡೆ, ‘ಯಾರು ನಿಲ್ಲಬಹುದು’ ಎಂದು ಬರೆಯುವ ಜಾಗದಲ್ಲಿ ಇಲ್ಲ.

2023ರ ಏಪ್ರಿಲ್‌ನಲ್ಲಿ ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಇಂಥದೇ ಚೀಟಿ ಮುಂದಿಟ್ಟು ಕೇಳಿದರು: “ಮೇಷ್ಟ್ರೇ, ನಿಮ್ಮೋರದು ಈ ಸಲ ಯಾವ ಕಡೆಗೆ?” ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಬೇರೆಯವರನ್ನು ಕೇಳುವಾಗ ಅವರು “ನಿಮ್ಮ ಅಂದಾಜು ಏನು?” ಎನ್ನುತ್ತಾರೆ. ನನಗೆ ಅಂದಾಜು ಇರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಆ ಗಳಿಗೆಯಲ್ಲಿ ನಾನು ಒಂದು ಅಂಕಿಯ ವಕ್ತಾರನಾಗಿದ್ದೆ, ಅಷ್ಟೆ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಗಾದೆ. ನಮ್ಮ ವಿಷಯದಲ್ಲಿ ಆ ಗಾದೆ ತಿರುವುಮುರುವಾಗಿದೆ. ನಾವು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಕ್ಷೇತ್ರಗಳಲ್ಲಿ ಭವಿಷ್ಯ ಹೇಳಿದವರು ಎಲ್ಲೆಲ್ಲಿ ಎಡವಿದರು ಎಂಬುದನ್ನು ನೋಡುತ್ತಾ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಮುಂಚಿನ ಪ್ರಶ್ನೆ ಯಾರನ್ನು ನಿಲ್ಲಿಸುತ್ತಾರೆ ಎಂಬುದು. ದಲಿತ ರಾಜಕಾರಣ ಸೋತಿರುವುದು ಮತಗಟ್ಟೆಯಲ್ಲಿ ಅಲ್ಲ. ಅದಕ್ಕೂ ಮುಂಚೆ, ಆ ಎರಡನೇ ಪ್ರಶ್ನೆಯ ಜಾಗದಲ್ಲಿ.

2

ದುರ್ಗದ ಸೀಮೆಯಲ್ಲಿ ಸುಳ್ಳಾದ ಭವಿಷ್ಯಗಳಲ್ಲಿ ದೊಡ್ಡದು 1962ರದು. ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, 1952ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಹೋದವರು, 1956ರಲ್ಲಿ ಏಕೀಕರಣಗೊಂಡ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು. 1962ರಲ್ಲಿ ಹೊಸದುರ್ಗದಿಂದ ವಿಧಾನಸಭೆಗೆ ನಿಂತರು. ಕಾಂಗ್ರೆಸ್ಸಿಗೆ ಬಹುಮತ ಬಂತು, ನಿಜಲಿಂಗಪ್ಪನವರು ಮಾತ್ರ ಸೋತರು. ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಗೆದ್ದರು. ಮಾರ್ಚಿನಿಂದ ಜೂನ್‌ವರೆಗೆ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿ ಕುರ್ಚಿ ಕಾದರು. ಅಷ್ಟರಲ್ಲಿ ಬಾಗಲಕೋಟೆಯಲ್ಲಿ ಕ್ಷೇತ್ರ ತೆರವು ಮಾಡಿಸಿ, ನಿಜಲಿಂಗಪ್ಪನವರನ್ನು ಅವಿರೋಧವಾಗಿ ಆರಿಸಿ, ಮತ್ತೆ ಮುಖ್ಯಮಂತ್ರಿ ಮಾಡಲಾಯಿತು.

ಈ ಘಟನೆಯನ್ನು ನಮ್ಮ ರಾಜಕೀಯ ಚರಿತ್ರೆ ಒಬ್ಬ ನಾಯಕನ ಸಂಕಟದ ಕಥೆಯಾಗಿ ಹೇಳುತ್ತಾ ಬಂದಿದೆ. ಪಕ್ಷದೊಳಗಿನ ಗುಂಪು, ಒಳಸಂಚು, ಕಂಠಿಯವರ ನಿಷ್ಠೆ ಇವೇ ಅದರ ವಸ್ತು. ಹೊಸದುರ್ಗದ ಮತದಾರ ಆ ಕಥೆಯಲ್ಲಿ ಬರುವುದಿಲ್ಲ. ಮುಖ್ಯಮಂತ್ರಿಯಾಗುವವರಿಗೆ ‘ಬೇಡ’ ಎಂದವನು ಆ ಮತದಾರ, ತಾನೇ. ಅವನ ‘ಬೇಡ’ವನ್ನು ಮೂರು ತಿಂಗಳಲ್ಲಿ ಇನ್ನೊಂದು ಜಿಲ್ಲೆಯ ಅವಿರೋಧ ಆಯ್ಕೆ ಅಳಿಸಿಹಾಕಿತು. ಓಟಿನಿಂದ ತಪ್ಪಿದ್ದನ್ನು ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಸರಿಮಾಡಿಕೊಂಡಿತು. ಎರಡರಲ್ಲಿ ಯಾವುದು ಬಲ ಎಂಬುದು 1962ರಲ್ಲೇ ಹೊಸದುರ್ಗಕ್ಕೆ ಗೊತ್ತಾಗಿತ್ತು.

3

ಅಭ್ಯರ್ಥಿಯನ್ನು ಆರಿಸುವ ಅಧಿಕಾರದ ಮಾತು ಬಂದರೆ 1932ಕ್ಕೆ ಹೋಗಲೇಬೇಕು. ಆ ವರ್ಷದ ಸೆಪ್ಟೆಂಬರ್ 24ರ ಪೂನಾ ಒಪ್ಪಂದವನ್ನು ನಾವು ಸಾಮಾನ್ಯವಾಗಿ ಪ್ರತ್ಯೇಕ ಮತಕ್ಷೇತ್ರ ಕೈತಪ್ಪಿದ ಕಥೆಯಾಗಿ ಓದುತ್ತೇವೆ. ಅದರಲ್ಲಿದ್ದ ಇನ್ನೊಂದು ಕಲಮನ್ನು ಮರೆಯುತ್ತೇವೆ. ಮೀಸಲು ಸ್ಥಾನಗಳಿಗೆ ಮೊದಲು ಅಸ್ಪೃಶ್ಯ ಮತದಾರರು ಮಾತ್ರ ಸೇರಿ ನಾಲ್ಕು ಹೆಸರುಗಳನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಮತದಾರರೂ ಸೇರಿ ಆರಿಸಬೇಕು ಎಂದಿತ್ತು. ಹೆಚ್ಚೆಂದರೆ ಹತ್ತು ವರ್ಷದ ಏರ್ಪಾಡು. ದೋಷವಿಲ್ಲದ ಏರ್ಪಾಡೂ ಅಲ್ಲ. ನಾಲ್ವರಲ್ಲಿ ದಲಿತರಿಗೆ ಕೊನೆಯವನು ಸವರ್ಣರಿಗೆ ಮೊದಲನೆಯವನಾಗಿ ಗೆದ್ದುಬಿಡಬಹುದಿತ್ತು. 1946ರ ಚುನಾವಣೆಯಲ್ಲಿ ಮೊದಲ ಸುತ್ತಿನಲ್ಲಿ ಮುಂದಿದ್ದ ಪರಿಶಿಷ್ಟ ಜಾತಿ ಫೆಡರೇಶನ್ನಿನವರು ಎರಡನೇ ಸುತ್ತಿನಲ್ಲಿ ಸೋತದ್ದು ಹೀಗೆಯೇ. ಅದಕ್ಕೇ ಅಂಬೇಡ್ಕರ್ 1947ರಲ್ಲಿ ಮತ್ತೆ ಪ್ರತ್ಯೇಕ ಮತಕ್ಷೇತ್ರ ಕೇಳಿದರು. ಅಷ್ಟಾದರೂ ‘ನಮ್ಮಲ್ಲಿ ಯಾರು ನಿಲ್ಲಬೇಕು’ ಎಂದು ಮೊದಲು ನಮ್ಮನ್ನೇ ಕೇಳುವ ಒಂದು ಬಾಗಿಲು ಆ ಕಲಮಿನಲ್ಲಿತ್ತು.

ಮೈಸೂರು ಸಂಸ್ಥಾನದಲ್ಲಿದ್ದ ಚಿತ್ರದುರ್ಗಕ್ಕೆ ಆ ಒಪ್ಪಂದ ನೇರವಾಗಿ ತಾಗಲಿಲ್ಲ. ಸಂವಿಧಾನ ಬಂದಮೇಲೆ ನಮಗೆ ದಕ್ಕಿದ್ದು ಮೀಸಲು ಸ್ಥಾನ ಮಾತ್ರ. ಹೆಸರು ಆರಿಸುವ ಬಾಗಿಲು ಮುಚ್ಚಿಹೋಗಿತ್ತು. ಆ ಕೆಲಸ ಪಕ್ಷಗಳ ಪಾಲಾಯಿತು. 1952ರಲ್ಲಿ ಬಾಂಬೆ ಉತ್ತರದಲ್ಲಿ ಅಂಬೇಡ್ಕರ್ ಅವರನ್ನೇ ಸೋಲಿಸಿದ್ದು ಕಾಂಗ್ರೆಸ್ ನಿಲ್ಲಿಸಿದ ದಲಿತ ಅಭ್ಯರ್ಥಿ, ಕಾಜ್ರೋಳ್ಕರ್.

ಆಗಿನ್ನೂ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದೇ ಕ್ಷೇತ್ರದಿಂದ ಒಬ್ಬ ಸಾಮಾನ್ಯ, ಒಬ್ಬ ಮೀಸಲು ಸದಸ್ಯ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಯಾರೂ ಊಹಿಸದ ಫಲಿತಾಂಶ ಬಂತು. ಎರಡೂ ಸ್ಥಾನಗಳನ್ನು ಬುಡಕಟ್ಟಿನವರೇ ಗೆದ್ದರು, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ ಸೋತರು. ಗಿರಿಯವರು ಕೋರ್ಟಿಗೆ ಹೋದರು. ಹೆಚ್ಚು ಮತ ಪಡೆದ ಮೀಸಲು ವರ್ಗದವನು ಸಾಮಾನ್ಯ ಸ್ಥಾನವನ್ನೂ ಪಡೆಯಬಹುದು ಎಂದು 1959ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1961ರಲ್ಲಿ ಕಾಯ್ದೆ ತಂದು ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದು ಮಾಡಿದರು. ಕಾರಣ ಇದೊಂದೇ ಎಂದು ನಾನು ಹೇಳುವುದಿಲ್ಲ. ಆದರೆ ಅದಾದಮೇಲೆ ‘ಮೀಸಲು’ ಎಂದರೆ ದಲಿತರ ಕ್ಷೇತ್ರ, ‘ಸಾಮಾನ್ಯ’ ಎಂದರೆ ದಲಿತರದಲ್ಲದ ಕ್ಷೇತ್ರ ಎಂಬ ಅರ್ಥ ಗಟ್ಟಿಯಾಯಿತು. ಊರು ಕೇರಿಗಳ ನಡುವಿನ ಗೆರೆ ಮತಕ್ಷೇತ್ರದ ನಕ್ಷೆಗೂ ಇಳಿದು ಬಂತು. ಟೀ ಅಂಗಡಿಯ ಚೀಟಿ ಅನುಸರಿಸುವುದು ಈ ಗೆರೆಯನ್ನೇ.

4

ಈ ಗೆರೆ ಸರಿದಾಡಿದರೆ ಏನಾಗುತ್ತದೆ ಎಂಬುದಕ್ಕೆ ಹಿರಿಯೂರು ಸಾಕ್ಷಿ. 2008ಕ್ಕೆ ಮುಂಚೆ ಅದು ಬಹಳ ಕಾಲ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಕೆ.ಎಚ್. ರಂಗನಾಥ್, ಡಿ. ಮಂಜುನಾಥ್ ಇಬ್ಬರೂ ಆ ಊರಿನ ರಾಜಕಾರಣದಿಂದ ಬಂದ ದಲಿತ ನಾಯಕರು. ಒಬ್ಬರು ಕಾಂಗ್ರೆಸ್, ಒಬ್ಬರು ಜನತಾ. 1980ರ ದಶಕದ ಮೊದಲರ್ಧದಲ್ಲಿ ರಂಗನಾಥ್ ವಿಧಾನಸಭೆಯ ಸ್ಪೀಕರ್ ಆಗಿದ್ದರು. ಇಂಥ ಹಿರಿತಲೆಗಳು ಒಂದೇ ತಾಲ್ಲೂಕಿನಿಂದ ಎದ್ದು ಬಂದದ್ದು ಸಣ್ಣ ಮಾತಲ್ಲ.

1984ರಲ್ಲಿ ರಂಗನಾಥ್ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದರು. ಆಗ ಅದು ಸಾಮಾನ್ಯ ಕ್ಷೇತ್ರ. ಇಂದಿರಾ ಹತ್ಯೆಯ ನಂತರದ ಅಲೆ ಇತ್ತು, ನಿಜ. ಅಲೆಯಿದ್ದರೂ ಒಂದು ಪಕ್ಷ ಮೀಸಲಿಲ್ಲದ ಕಡೆ ದಲಿತನೊಬ್ಬನನ್ನು ನಿಲ್ಲಿಸಿತು, ಸೀಮೆಯ ಎಲ್ಲ ಜಾತಿಯವರೂ ಓಟು ಹಾಕಿದರು. ‘ದಲಿತರನ್ನು ಜನರಲ್‌ನಲ್ಲಿ ನಿಲ್ಸಿದ್ರೆ ಊರವರು ಹಾಕಲ್ಲ’ ಎಂದು ಇವತ್ತು ಸಲೀಸಾಗಿ ಹೇಳುವ ಭವಿಷ್ಯಕಾರರು 1984ನ್ನು ಮರೆತಿರುತ್ತಾರೆ.

2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಮರುವಿಂಗಡಣೆಯಾಯಿತು. 2008ರ ಚುನಾವಣೆ ಹೊತ್ತಿಗೆ ಮೀಸಲಾಗಿದ್ದ ಭರಮಸಾಗರ ಕ್ಷೇತ್ರವೇ ಇಲ್ಲವಾಗಿತ್ತು, ಹಿರಿಯೂರು ಸಾಮಾನ್ಯವಾಗಿತ್ತು, ಹೊಳಲ್ಕೆರೆ ಮೀಸಲಾಗಿತ್ತು. ಹಿರಿಯೂರಿನ ಕೇರಿಗಳು ಇದ್ದಲ್ಲೇ ಇದ್ದವು. ವಾಣಿವಿಲಾಸ ಸಾಗರವೂ ಇದ್ದಲ್ಲೇ ಇತ್ತು. ಆದರೆ ಎರಡು ತಲೆಮಾರು ಕಟ್ಟಿದ ದಲಿತ ನಾಯಕತ್ವಕ್ಕೆ ಒಂದೇ ಆದೇಶದಲ್ಲಿ ಅಂಗಳ ಹೋಯಿತು. 2008ರಲ್ಲಿ ಡಿ. ಸುಧಾಕರ್, 2013ರಲ್ಲಿ ಮತ್ತೆ ಸುಧಾಕರ್, 2018ರಲ್ಲಿ ಕೆ. ಪೂರ್ಣಿಮಾ, 2023ರಲ್ಲಿ ಪುನಃ ಸುಧಾಕರ್. ನಾಲ್ಕು ಚುನಾವಣೆಯಲ್ಲಿ ಒಬ್ಬ ದಲಿತನೂ ಅಲ್ಲಿಂದ ಗೆಲ್ಲಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಇದೆ. ಸುಧಾಕರ್ ಜೈನರು. ಹಿರಿಯೂರಿನ ಜಾತಿ ಚೀಟಿಯಲ್ಲಿ ಜೈನರಿಗೆ ಸಾಲು ಕೂಡ ಇರುವುದಿಲ್ಲ. ಬೆರಳೆಣಿಕೆಯ ಸಮುದಾಯದವರೊಬ್ಬರು ಪಕ್ಷೇತರರಾಗಿ ಒಮ್ಮೆ, ಕಾಂಗ್ರೆಸ್ಸಿನಿಂದ ಎರಡು ಸಲ ಗೆಲ್ಲಬಹುದಾದರೆ, ಜಾತಿಯ ಸಂಖ್ಯೆಯೇ ಗೆಲುವಿನ ಮೂಲ ಎಂಬ ವಾದ ಎಲ್ಲಿ ಉಳಿಯಿತು? ಹಣ, ಓಡಾಟ, ಎಲ್ಲರ ಮನೆಬಾಗಿಲಿಗೆ ಹೋಗುವ ಬಲ ಇದ್ದವನಿಗೆ ಸಂಖ್ಯೆ ಬೇಕಾಗಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ದಲಿತ ಅಭ್ಯರ್ಥಿಯ ಮಾತು ಬಂದ ಕೂಡಲೇ ಜಾತಿಯ ಲೆಕ್ಕ ಹೊರಬರುತ್ತದೆ. ಹಾಗಾದರೆ ಆ ಲೆಕ್ಕ ಬರೀ ಗಣಿತವಲ್ಲ, ಬಾಗಿಲ ಕಾವಲೂ ಹೌದು.

5

ಅದೇ 2008ರಲ್ಲಿ ಹೊಸದುರ್ಗದಲ್ಲಿ ಗೂಳಿಹಟ್ಟಿ ಡಿ. ಶೇಖರ್ ಗೆದ್ದರು. ಪಕ್ಷೇತರರಾಗಿ, ಸಾಮಾನ್ಯ ಕ್ಷೇತ್ರದಲ್ಲಿ. ಅವರು ಭೋವಿ ಸಮುದಾಯದವರು, ಅಂದರೆ ಪರಿಶಿಷ್ಟ ಜಾತಿಯವರು. ಯಾವ ಪಕ್ಷವೂ ನಿಲ್ಲಿಸದ ಹೆಸರನ್ನು ಹೊಸದುರ್ಗ ತಾನೇ ಆರಿಸಿತು. 1962ರ ಊರು ಮತ್ತೆ ಭವಿಷ್ಯಕಾರರನ್ನು ಸುಳ್ಳು ಮಾಡಿತು.

ಆ ಸಲ ಬಿಜೆಪಿಗೆ ಬಂದದ್ದು 224ರಲ್ಲಿ 110. ಬಹುಮತಕ್ಕೆ 113 ಬೇಕು. ಐವರು ಪಕ್ಷೇತರರು ಬೆಂಬಲ ಕೊಟ್ಟು ಮಂತ್ರಿಗಳಾದರು. ಹೊಸದುರ್ಗದ ಶೇಖರ್, ಹಿರಿಯೂರಿನ ಸುಧಾಕರ್, ಕನಕಗಿರಿಯ ಶಿವರಾಜ ತಂಗಡಗಿ, ಪಾವಗಡದ ವೆಂಕಟರಮಣಪ್ಪ, ಮಳವಳ್ಳಿಯ ನರೇಂದ್ರಸ್ವಾಮಿ. ಕೊನೆಯ ಮೂವರು ಮೀಸಲು ಕ್ಷೇತ್ರದವರು. ದಕ್ಷಿಣ ಭಾರತದಲ್ಲಿ ಬಿಜೆಪಿ ತನ್ನ ಬಲದಲ್ಲೇ ಕಟ್ಟಿತು ಎನ್ನಲಾದ ಮೊದಲ ಸರ್ಕಾರ ನಿಂತದ್ದು ನಾಲ್ವರು ದಲಿತರು ಮತ್ತು ಒಬ್ಬ ಜೈನರ ಕೈ ಮೇಲೆ! ಚುನಾವಣೆಗೆ ಮುಂಚಿನ ಯಾವ ಚೀಟಿಯೂ ಈ ಲೆಕ್ಕ ಹಾಕಿರಲಿಲ್ಲ.

ಇದನ್ನು ದಲಿತ ಶಕ್ತಿಯ ಉದಯ ಎಂದು ಹಾಡಿಹೊಗಳಲು ನಾನು ಸಿದ್ಧನಿಲ್ಲ. 2010ರ ಅಕ್ಟೋಬರ್‌ನಲ್ಲಿ ಈ ಐವರೂ ಬೆಂಬಲ ಹಿಂತೆಗೆದುಕೊಂಡಾಗ ಸ್ಪೀಕರ್ ಕೆ.ಜಿ. ಬೋಪಯ್ಯ ಅವರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಬೇಕಾದಾಗ ಮಂತ್ರಿ, ಬೇಡವಾದಾಗ ಅನರ್ಹ. ಹಿಂದೆ ಸಂಘಟನೆಯಿಲ್ಲದೆ ಒಬ್ಬಂಟಿಯಾಗಿ ಗೆದ್ದವನು ಸರ್ಕಾರಕ್ಕೆ ಊರುಗೋಲಾಗಬಲ್ಲ, ಕೇರಿಗೆ ದನಿಯಾಗುವುದು ಕಷ್ಟ. 2013ರಲ್ಲಿ ಕಾಂಗ್ರೆಸ್ಸಿನ ಬಿ.ಜಿ. ಗೋವಿಂದಪ್ಪ, 2018ರಲ್ಲಿ ಬಿಜೆಪಿಯಿಂದ ಶೇಖರ್, 2023ರಲ್ಲಿ ಮತ್ತೆ ಗೋವಿಂದಪ್ಪ. 2023ರಲ್ಲಿ ಬಿಜೆಪಿ ತನ್ನ ಹಾಲಿ ಶಾಸಕ ಶೇಖರ್‌ಗೆ ಟಿಕೆಟ್ ಕೊಡಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು, ನಾಗಪುರದಲ್ಲಿ ಹೆಡಗೇವಾರ್ ಸ್ಮಾರಕದ ಒಳಗೆ ತನ್ನನ್ನು ಜಾತಿಯ ಕಾರಣಕ್ಕೆ ಬಿಡಲಿಲ್ಲ ಎಂದು ಆರೋಪಿಸಿದರು. ಆರ್‌ಎಸ್‌ಎಸ್ ಅದನ್ನು ಅಲ್ಲಗಳೆಯಿತು. ಯಾರ ಮಾತು ನಿಜ ಎಂಬ ಜಗಳ ಒತ್ತಟ್ಟಿಗಿರಲಿ. ಎರಡು ಸಲ ಸಾಮಾನ್ಯ ಕ್ಷೇತ್ರ ಗೆದ್ದ ಒಬ್ಬ ಮನುಷ್ಯ ಕೊನೆಗೂ ಬಾಗಿಲ ಬಗ್ಗೆಯೇ ಮಾತಾಡಬೇಕಾಗಿ ಬಂತು.

6

ನಾನೂ ಒಮ್ಮೆ ಭವಿಷ್ಯ ಹೇಳಿ ಕೆಟ್ಟವನೇ. ಅದು ಹೊಳಲ್ಕೆರೆಯದು. ನಮ್ಮ ಕೇರಿ ಇರುವುದು ಆ ಕ್ಷೇತ್ರದಲ್ಲಿ.

2008ರಲ್ಲಿ ಅಲ್ಲಿ ಬಿಜೆಪಿಯ ಎಂ. ಚಂದ್ರಪ್ಪ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನ ಎಚ್. ಆಂಜನೇಯ ಗೆದ್ದು ಸಮಾಜ ಕಲ್ಯಾಣ ಮಂತ್ರಿಯಾದರು. ಅವರ ಕಾಲದಲ್ಲೇ, 2013ರಲ್ಲಿ, ಪರಿಶಿಷ್ಟರ ಉಪಯೋಜನೆಯ ಕಾಯ್ದೆ ಬಂತು. ಬಜೆಟ್ಟಿನಲ್ಲಿ ಜನಸಂಖ್ಯೆಗೆ ತಕ್ಕ ಪಾಲು ಎಂಬುದು ಕಾನೂನಾಯಿತು. ಇಷ್ಟಾದರೂ 2018ರಲ್ಲಿ ಅವರು ದೊಡ್ಡ ಅಂತರದಲ್ಲಿ ಚಂದ್ರಪ್ಪನವರಿಗೆ ಸೋತರು. ಕಾರಣಗಳಲ್ಲಿ ಒಂದು ನಮ್ಮ ಮನೆಯೊಳಗಿನದೇ. ಒಳಮೀಸಲಾತಿ ಕುರಿತ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗದ ವರದಿ 2012ರಲ್ಲೇ ಸರ್ಕಾರದ ಕೈಸೇರಿತ್ತು. ಮಾದಿಗ ಸಮುದಾಯದವರೇ ಮಂತ್ರಿಯಾಗಿದ್ದ ಐದು ವರ್ಷದಲ್ಲಿ ಅದು ಕಪಾಟಿನಿಂದ ಹೊರಬರಲಿಲ್ಲ.

2023ರ ಮಾರ್ಚಿನಲ್ಲಿ ಬೊಮ್ಮಾಯಿ ಸರ್ಕಾರ ಒಳಮೀಸಲಾತಿಯ ತೀರ್ಮಾನ ಮಾಡಿತು. ನಾನು ಚೀಟಿ ಬರೆದೆ. ಎಡಗೈ ಇಷ್ಟು, ಬಲಗೈ ಇಷ್ಟು, ಭೋವಿ ಲಂಬಾಣಿಗಳು ಸಿಟ್ಟಾಗಿದ್ದಾರೆ, ರಾಜ್ಯದಲ್ಲಿ ಗಾಳಿ ಕಾಂಗ್ರೆಸ್ ಕಡೆ ಇದೆ, ಆದ್ದರಿಂದ ಆಂಜನೇಯ. ಮೇ 13ರಂದು ಜಿಲ್ಲೆಯ ಆರರಲ್ಲಿ ಐದು ಕಾಂಗ್ರೆಸ್ಸಿಗೆ ಬಂದವು. ತಪ್ಪಿದ್ದು ಒಂದೇ, ಹೊಳಲ್ಕೆರೆ. 2018ರಲ್ಲಿ ಬಿಜೆಪಿಗೆ ಐದು, ಕಾಂಗ್ರೆಸ್ಸಿಗೆ ಒಂದು ಇದ್ದದ್ದು ತಿರುಗಾಮುರುಗಾ ಆಯಿತು. ಆ ತಿರುಗಣಿಯಲ್ಲಿ ಕದಲದೆ ಉಳಿದದ್ದು ನಾನು ಲೆಕ್ಕ ಹಾಕಿದ ಕ್ಷೇತ್ರವೇ.

ನನ್ನ ತಪ್ಪು ಈಗ ಕಾಣುತ್ತದೆ. ನಾನೂ ಕೇರಿಗಳನ್ನು ಮಾತ್ರ ಎಣಿಸಿದ್ದೆ. ಮೀಸಲು ಕ್ಷೇತ್ರದಲ್ಲಿ ನಿಂತವರೆಲ್ಲ ದಲಿತರೇ ಆದ್ದರಿಂದ ದಲಿತರ ಓಟು ಹಂಚಿಹೋಗುತ್ತದೆ, ಮುಕ್ಕಾಲು ಪಾಲು ಇರುವ ಇತರರು ಯಾರನ್ನು ‘ನಮಗಾಗುವ ದಲಿತ’ ಎಂದು ಒಪ್ಪುತ್ತಾರೋ ಅವರು ಗೆಲ್ಲುತ್ತಾರೆ. ಇದು ಗೆದ್ದವರ ಮೇಲಿನ ದೂರಲ್ಲ, ಏರ್ಪಾಡಿನ ಗುಣ. ಟಿಕೆಟ್ ಹಂಚುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಅವರು ಕೇರಿಯಲ್ಲಿ ಯಾರಿಗೆ ಗೌರವ ಇದೆ ಎಂದು ಕೇಳುವುದಿಲ್ಲ, ಊರಿನಲ್ಲಿ ಯಾರ ಮೇಲೆ ತಕರಾರಿಲ್ಲ ಎಂದು ಕೇಳುತ್ತಾರೆ.

ಫಲಿತಾಂಶದ ದಿನ ಅಜ್ಜಿಯ ಹತ್ತಿರ ನನ್ನ ಲೆಕ್ಕ ತಪ್ಪಿದ್ದು ಹೇಳಿಕೊಂಡೆ. ಅಜ್ಜಿ ಕಡ್ಡಿಪುಡಿ ಬಾಯಿಗಿಟ್ಟುಕೊಂಡು ಅಂದಳು: “ಹಾಕೋದು ನಂದು ಮಗ, ನಿಲ್ಸೋದು ನಂದಲ್ಲ. ಇಬ್ರುನ್ನೂ ಅವ್ರೇ ನಿಲ್ಸಿ, ಯಾರಿಗೆ ಹಾಕ್ದೆ ಅಂತ ನನ್ನ ಕೇಳಿದ್ರೆ ನಾನೇನು ಹೇಳ್ಲಿ?” ಎಂಎ ಓದಿದ ನನಗೆ ಹೊಳೆಯದ್ದು ಹೆಬ್ಬೆಟ್ಟಿನ ಅಜ್ಜಿಗೆ ಹೊಳೆದಿತ್ತು. ಪೂನಾ ಒಪ್ಪಂದದ ಆ ಕಲಮನ್ನು ನಾನು ಹುಡುಕಿ ಓದಿದ್ದು ಆಮೇಲೆ.

7

ಇನ್ನು ಚಿತ್ರದುರ್ಗ. ವಿಧಾನಸಭೆಗೆ ಅದು ಸಾಮಾನ್ಯ ಕ್ಷೇತ್ರ. 2008ರಲ್ಲಿ ಜೆಡಿಎಸ್‌ನ ಎಸ್.ಕೆ. ಬಸವರಾಜನ್, 2013 ಮತ್ತು 2018ರಲ್ಲಿ ಬಿಜೆಪಿಯ ಜಿ.ಎಚ್. ತಿಪ್ಪಾರೆಡ್ಡಿ, 2023ರಲ್ಲಿ ಕಾಂಗ್ರೆಸ್ಸಿನ ಕೆ.ಸಿ. ವೀರೇಂದ್ರ ಗೆದ್ದರು. ಮಾದಾರ ಚನ್ನಯ್ಯ ಗುರುಪೀಠ, ಭೋವಿ ಗುರುಪೀಠ ಎರಡೂ ಚಿತ್ರದುರ್ಗದಲ್ಲೇ ಇವೆ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಅಲ್ಲಿಗೆ ಬಂದು ಅಡ್ಡಬೀಳುತ್ತಾರೆ. ಅಡ್ಡಬಿದ್ದವರು ಎದ್ದು ಹೋಗಿ ಈ ಕ್ಷೇತ್ರದಲ್ಲಿ ಒಬ್ಬ ದಲಿತನನ್ನು ನಿಲ್ಲಿಸುವ ಮಾತಾಡುವುದಿಲ್ಲ. ಪೀಠಗಳೂ ಅದನ್ನು ಕೇಳುವುದು ಕಡಿಮೆ.

ಲೋಕಸಭೆಗೆ ಚಿತ್ರದುರ್ಗ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿಂದೀಚೆಗೆ ಗೆದ್ದವರು ಜನಾರ್ದನ ಸ್ವಾಮಿ, ಬಿ.ಎನ್. ಚಂದ್ರಪ್ಪ, ಎ. ನಾರಾಯಣಸ್ವಾಮಿ, ಗೋವಿಂದ ಕಾರಜೋಳ. ನಾರಾಯಣಸ್ವಾಮಿ ಆನೇಕಲ್‌ನವರು, ಕಾರಜೋಳರು ಬಾಗಲಕೋಟೆ ಜಿಲ್ಲೆಯ ಮುಧೋಳದವರು. 1962ರಲ್ಲಿ ದುರ್ಗದ ನಾಯಕರು ಬಾಗಲಕೋಟೆಗೆ ಹೋಗಿ ಗೆದ್ದರು, 2024ರಲ್ಲಿ ಬಾಗಲಕೋಟೆಯವರು ದುರ್ಗಕ್ಕೆ ಬಂದು ಗೆದ್ದರು. ಆಗ ಹೊರಗೆ ಹೋದದ್ದು ಮುಖ್ಯಮಂತ್ರಿ ಪದವಿ ಉಳಿಸಿಕೊಳ್ಳಲು. ಈಗ ಹೊರಗಿನಿಂದ ತಂದದ್ದು, ಜಿಲ್ಲೆಯ ಕಾಲು ಭಾಗ ಜನರಲ್ಲಿ ಒಂದು ಹೆಸರೂ ಸಿಗಲಿಲ್ಲವೆಂದೋ? 2023ರಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ಏಳನ್ನು ಕಾಂಗ್ರೆಸ್ ಗೆದ್ದಿತ್ತು. ಮರುವರ್ಷ ಲೋಕಸಭೆಗೆ ಗೆದ್ದದ್ದು ಬಿಜೆಪಿ. ‘ನಿಮ್ಮೋರ ಓಟು’ ಎಂಬ ಒಂದೇ ಮೂಟೆ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

2019ರ ಸೆಪ್ಟೆಂಬರ್‌ನಲ್ಲಿ ಸಂಸದ ನಾರಾಯಣಸ್ವಾಮಿ ತಮ್ಮ ಕ್ಷೇತ್ರಕ್ಕೇ ಸೇರಿದ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದಾಗ, ದಲಿತರೆಂದು ಅವರನ್ನು ಹಟ್ಟಿಯ ಹೊರಗೇ ತಡೆದರು. ಲಕ್ಷಾಂತರ ಓಟು ಬಿದ್ದ ಮನುಷ್ಯನಿಗೆ ಹಟ್ಟಿಯೊಳಕ್ಕೆ ದಾರಿ ಇರಲಿಲ್ಲ. ಓಟು ಹಾಕುವುದು ಬೇರೆ, ನಮ್ಮವನೆಂದು ಒಪ್ಪುವುದು ಬೇರೆ. ಮೊದಲನೆಯದನ್ನು ಪಕ್ಷದ ಚಿಹ್ನೆ ಮಾಡಿಸುತ್ತದೆ. ಎರಡನೆಯದು ಯಾವ ಚೀಟಿಯ ಲೆಕ್ಕಕ್ಕೂ ಸಿಗುವುದಿಲ್ಲ.

8

2028ರ ಭವಿಷ್ಯ ಈಗಲೇ ಶುರುವಾಗಿದೆ. ಹೊಸದುರ್ಗದಲ್ಲಿ ಪಾಳಿ ಲೆಕ್ಕ ನಡೆದಿದೆ: ಒಂದು ಸಲ ಅವರು, ಒಂದು ಸಲ ಇವರು. ಹೊಳಲ್ಕೆರೆಯಲ್ಲಿ ಒಳಮೀಸಲಾತಿಯ ಲೆಕ್ಕ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ದಾರಿ ತೆರೆಯಿತು, 2025ರ ಆಗಸ್ಟಿನಲ್ಲಿ ಸಿದ್ದರಾಮಯ್ಯ ಸಂಪುಟ ಶೇಕಡ 17ನ್ನು 6, 6, 5 ಎಂದು ಹಂಚಿತು. ಇದರಿಂದ ಯಾರು ಯಾರ ಕಡೆ ಎಂದು ಈಗಾಗಲೇ ಕೂಡಿ ಕಳೆಯುತ್ತಿದ್ದಾರೆ.

ಗೆಲ್ಲುವವರ ಹೆಸರು ನಾನು ಹೇಳಲಾರೆ, ಒಮ್ಮೆ ಹೇಳಿ ಬುದ್ಧಿ ಬಂದಿದೆ. ಕ್ಷೇತ್ರಗಳ ಗೆರೆ ಈಗಿರುವಂತೆಯೇ ಇದ್ದರೆ ಎರಡು ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಚಿತ್ರದುರ್ಗ, ಹಿರಿಯೂರುಗಳಲ್ಲಿ ದೊಡ್ಡ ಪಕ್ಷಗಳ ಅಭ್ಯರ್ಥಿಗಳ ನಡುವೆ ದಲಿತನಿರುವುದಿಲ್ಲ. ಹೊಳಲ್ಕೆರೆಯಲ್ಲಿ ಇರುವ ದಲಿತರನ್ನು ದಲಿತರು ಆರಿಸಿರುವುದಿಲ್ಲ. ಈ ಎರಡು ಭವಿಷ್ಯ ಸುಳ್ಳಾಗಲಿ ಎಂಬುದೇ ನನ್ನ ಆಸೆ.

ಸುಳ್ಳು ಮಾಡುವ ಕೆಲಸ ಪಕ್ಷಗಳದ್ದಲ್ಲ, ನಮ್ಮದು. ನಮ್ಮ ಚಳುವಳಿ ಬಹಳ ವರ್ಷ ಚುನಾವಣೆ ಬೇಕೋ ಬೇಡವೋ ಎಂದು ಚರ್ಚಿಸಿತು. ಆ ಚರ್ಚೆ ಮುಗಿಯುವಷ್ಟರಲ್ಲಿ ನಮ್ಮಲ್ಲೇ ಅನೇಕರು ಬಯೋಡೇಟಾ ಹಿಡಿದು ಬೆಂಗಳೂರಿನ ಬಾಗಿಲುಗಳಲ್ಲಿ ನಿಂತಿದ್ದರು. ನಿಂತವರನ್ನು ಹಂಗಿಸಿ ಪ್ರಯೋಜನವಿಲ್ಲ, ಕೇರಿಯಲ್ಲಿ ನಾವು ಅವರಿಗೆ ಬೇರೆ ಬಾಗಿಲು ಕಟ್ಟಿಕೊಡಲಿಲ್ಲ. ಆ ಹಳೆಯ ನಾಲ್ಕು ಹೆಸರಿನ ಪಟ್ಟಿಗೆ ಕಾನೂನಿನ ಬಲ ಇವತ್ತಿಲ್ಲ. ಆದರೆ ಒಂದು ತಾಲ್ಲೂಕಿನ ಕೇರಿಗಳು ಸೇರಿ, ಎಡ ಬಲ ಭೋವಿ ಲಂಬಾಣಿ ಅಲೆಮಾರಿ ಎಲ್ಲರೂ ಕೂತು, ಹೆಂಗಸರೂ ಕೂತು, ಪಕ್ಷಗಳ ಪಟ್ಟಿಗೆ ಆರು ತಿಂಗಳು ಮುಂಚೆ ‘ನಮ್ಮ ನಾಲ್ಕು ಹೆಸರು ಇವು’ ಎಂದು ಬಹಿರಂಗವಾಗಿ ಹೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಮೀಸಲು ಕ್ಷೇತ್ರಕ್ಕೂ ಹೇಳಬೇಕು, ಸಾಮಾನ್ಯ ಕ್ಷೇತ್ರಕ್ಕೂ ಹೇಳಬೇಕು. ಜಗಳವಾಗುತ್ತದೆ. ಆಗಲಿ, ಆ ಜಗಳ ಹೈಕಮಾಂಡಿನ ಪಡಸಾಲೆಯಲ್ಲಿ ಆಗುವ ಬದಲು ನಮ್ಮ ಕಟ್ಟೆಯ ಮೇಲೆ ಆಗಲಿ.

ಮುಂದಿನ ಸಲ ಸ್ಟಾಫ್ ರೂಮಿನಲ್ಲಿ ಆ ಚೀಟಿ ನನ್ನ ಮುಂದೆ ಬಂದೇ ಬರುತ್ತದೆ. ‘ಎಸ್ಸಿ’ ಎಂಬುದರ ಮುಂದೆ ಅಂಕಿ ಬರೆಯುವ ಬದಲು ಚೀಟಿಯ ಮೇಲ್ಗಡೆ ನಾಲ್ಕು ಹೆಸರು ಬರೆದುಕೊಡಬೇಕು ಎಂದುಕೊಂಡಿದ್ದೇನೆ. ಅವು ನನ್ನೊಬ್ಬನ ಅಂದಾಜಿನ ಹೆಸರಾದರೆ ಆ ಚೀಟಿಗೂ ನನ್ನದಕ್ಕೂ ವ್ಯತ್ಯಾಸವಿರುವುದಿಲ್ಲ. ಅಜ್ಜಿಯೂ ಕೂತು ಒಪ್ಪಿದ ಹೆಸರುಗಳಾಗಿರಬೇಕು.